ನಮ್ಮ ಬೊಂಬೆ ಅಂಗಡಿಯ ಹೆಸರಿನಲ್ಲಿ ನೀವು ಪ್ರಕಟಿಸಿದ ಸುಳ್ಳು ಮಾಹಿತಿ ಮತ್ತು ಹಣ ವಾಪಸಾತಿ ಕುರಿತು ದೂರು

ದಿನಾಂಕ: 10 ನವೆಂಬರ್ 2025
ಚನ್ನಪಟ್ಟಣ

ಇವರಿಗೆ,
ವ್ಯವಸ್ಥಾಪಕರು,
ಡಿಜಿಟಲ್ ಮಾರ್ಕೆಟಿಂಗ್ ಸಂಸ್ಥೆ,
ಬೆಂಗಳೂರು

ವಿಷಯ: ಎಐ ಸರ್ಚ್ ಪ್ಯಾಕೇಜ್ ಹೆಸರಿನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿದ ಕೆಲಸದ ಬಗ್ಗೆ.

ಮಾನ್ಯರೇ,

ಈ ವಿಚಾರವಾಗಿ ನಿಮಗೆ ಮೂರು ಸಲ ಫೋನ್ ಮಾಡಿದ್ದೇನೆ. ವಾಟ್ಸಾಪ್ ಗ್ರೂಪಿನಲ್ಲೂ ಕೇಳಿದ್ದೇನೆ. ಪ್ರತಿ ಸಲ "ಟೀಮ್‌ಗೆ ಹೇಳ್ತೀವಿ ಮೇಡಂ" ಅನ್ನುವ ಉತ್ತರ ಬಂತೇ ಹೊರತು ಸೈಟಿನಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಹಾಗಾಗಿ ಬರವಣಿಗೆಯಲ್ಲಿ ಕೊಡುತ್ತಿದ್ದೇನೆ. ಇದರ ಪ್ರತಿ ಸ್ಪೀಡ್ ಪೋಸ್ಟ್‌ನಲ್ಲೂ ಬರುತ್ತದೆ.

ನಮ್ಮ ಅಂಗಡಿ ಇರುವುದು ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ. ಮೈಸೂರಿಗೆ ಹೊರಟವರು ಕಾಫಿಗೆ ಇಳಿದಾಗ ಮಕ್ಕಳ ಕೈಗೊಂದು ಬುಗುರಿಯನ್ನೋ ಗಿಲಕಿಯನ್ನೋ ಕೊಡಿಸಿಕೊಂಡು ಹೋಗುತ್ತಿದ್ದರು. ನಮ್ಮ ತಂದೆಯ ಕಾಲದಿಂದ ವ್ಯಾಪಾರ ನಡೆದಿದ್ದೇ ಹಾಗೆ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಕಾರುಗಳು ಊರಿನ ಹೊರಗಿಂದಲೇ ಹೋಗತೊಡಗಿದವು. ಅಂದಿನಿಂದ ನಮಗೆ ವೆಬ್‌ಸೈಟೇ ಇನ್ನೊಂದು ಬಾಗಿಲು. ಲೇತ್ ಮೇಲೆ ಕೂರುವ ನಾಲ್ಕು ಜನರ ವಾರದ ಕೂಲಿ ಆ ಬಾಗಿಲಿಂದ ಬರುವ ಆರ್ಡರಿನಿಂದಲೇ ಆಗಬೇಕು. ನಿಮಗೆ ಕೊಟ್ಟ ದುಡ್ಡು ಎಂಥ ದುಡ್ಡು ಅನ್ನುವುದು ತಿಳಿದಿರಲಿ ಅಂತ ಇಷ್ಟು ಬರೆದೆ.

ಈ ವರ್ಷ ಮಾರ್ಚ್‌ನಲ್ಲಿ ನಿಮ್ಮ ಪ್ರತಿನಿಧಿ ಅಂಗಡಿಗೇ ಬಂದರು. ತಮ್ಮ ಫೋನಿನಲ್ಲಿ "ಮಕ್ಕಳಿಗೆ ಅಪಾಯ ಇಲ್ಲದ ಚನ್ನಪಟ್ಟಣದ ಮರದ ಬೊಂಬೆ ಎಲ್ಲಿ ಸಿಗುತ್ತೆ" ಎಂದು ಎಐಗೆ ಕೇಳಿ, ಬಂದ ಉತ್ತರ ತೋರಿಸಿದರು. ಬೇರೆ ಅಂಗಡಿಗಳ ಹೆಸರಿತ್ತು, ನಮ್ಮದಿರಲಿಲ್ಲ. "ಜನ ಇನ್ನು ಗೂಗಲ್‌ನಲ್ಲಿ ಹತ್ತು ಲಿಂಕ್ ನೋಡಲ್ಲ ಮೇಡಂ, ಎಐ ಹೇಳಿದ ಅಂಗಡಿಗೇ ಹೋಗ್ತಾರೆ" ಅಂದರು. ಆ ಮಾತು ಸುಳ್ಳಲ್ಲ ಅಂತ ನನಗೂ ಅನ್ನಿಸಿತು, ಒಪ್ಪಿದೆ. ಕೊಟೇಶನ್‌ನಲ್ಲಿ "90 ದಿನದಲ್ಲಿ ಚಾಟ್‌ಜಿಪಿಟಿ, ಜೆಮಿನಿ, ಪರ್ಪ್ಲೆಕ್ಸಿಟಿಯಲ್ಲಿ ಮೊದಲ ಸ್ಥಾನ, ಗ್ಯಾರಂಟಿ" ಎಂದು ದಪ್ಪ ಅಕ್ಷರದಲ್ಲಿದೆ. ಅಂಥ ಗ್ಯಾರಂಟಿ ಕೊಡಲು ಯಾರಿಗೂ ಸಾಧ್ಯವಿಲ್ಲ. ಒಂದೇ ಪ್ರಶ್ನೆಯನ್ನು ಇಬ್ಬರು ಕೇಳಿದರೆ ಎರಡು ಥರದ ಉತ್ತರ ಬರುತ್ತದೆ. ಒಬ್ಬರೇ ಎರಡು ಸಲ ಕೇಳಿದರೂ ಅಂಗಡಿಗಳ ಹೆಸರು ಹಿಂದುಮುಂದಾಗುತ್ತದೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ಕಂಪನಿಯೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆ. ಇದು ಆಗ ನನಗೆ ಗೊತ್ತಿರಲಿಲ್ಲ. ಇದೇ ಕೆಲಸ ಮಾಡುವ ನಿಮಗೆ ಗೊತ್ತಿರಲೇಬೇಕು.

ಆದರೆ ಸ್ಥಾನ ಸಿಗಲಿಲ್ಲ ಅನ್ನುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಅಷ್ಟೇ ಆಗಿದ್ದರೆ ಸುಮ್ಮನಾಗುತ್ತಿದ್ದೆ.

ಸೆಪ್ಟೆಂಬರ್ ಎರಡನೇ ವಾರ ಹುಬ್ಬಳ್ಳಿಯಿಂದ ಒಬ್ಬ ಮೇಡಂ ಫೋನ್ ಮಾಡಿದರು. ಅವರದು ಪುಟ್ಟ ಮಕ್ಕಳ ಶಾಲೆ. ಬಳೆ ಜೋಡಿಸುವ ಬೊಂಬೆ 150 ಬೇಕು ಎಂದು ಆಗಸ್ಟ್ ಕೊನೆಗೇ ಮಾತಾಗಿತ್ತು, ಮರ ಕೊಯ್ಸಿ ಇಟ್ಟಿದ್ದೆವು. "ಬಿಲ್ ಜೊತೆಗೆ ನಿಮ್ಮ ಐಎಸ್‌ಐ ಲೈಸೆನ್ಸ್ ನಂಬರನ್ನೂ ಕಳಿಸಿ, ನಮ್ಮ ಕಮಿಟಿಯವರು ಕೇಳ್ತಾರೆ" ಅಂದರು. ನಮಗೆ ಐಎಸ್‌ಐ ಲೈಸೆನ್ಸ್ ಇಲ್ಲ. 2021ರ ಜನವರಿ 1ರಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯವಾದಾಗಲೇ, ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಬೊಂಬೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿದೆ. ನಮ್ಮ ನೋಂದಣಿ ಕಾರ್ಡ್ ಗಲ್ಲಾಪೆಟ್ಟಿಗೆ ಹಿಂದೆ ಗೋಡೆಗೇ ತೂಗುಹಾಕಿದೆ. ಅದನ್ನೇ ಅವರಿಗೆ ವಿವರಿಸಿದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ ಒಂದು ಫೋಟೋ ಕಳಿಸಿದರು. ಗೂಗಲ್‌ನಲ್ಲಿ ಅವರು ಕೇಳಿದ ಪ್ರಶ್ನೆಗೆ ಮೇಲ್ಗಡೆ ಬಂದ ಎಐ ಉತ್ತರ: ನಮ್ಮ ಅಂಗಡಿಯ ಬೊಂಬೆಗಳು "ಐಎಸ್‌ಐ ಪ್ರಮಾಣಿತ", "ಶ್ರೀಗಂಧ ಹಾಗೂ ತೇಗದಿಂದ ತಯಾರಾದವು". ಪಕ್ಕದಲ್ಲೇ ಆಧಾರ ಎಂದು ನಮ್ಮದೇ ವೆಬ್‌ಸೈಟಿನ ವಿಳಾಸ.

"ಇಲ್ಲ ಅಂತೀರಿ, ಮತ್ತೆ ನಿಮ್ಮ ಸೈಟಲ್ಲೇ ಯಾಕ್ರೀ ಹಂಗ ಬರದೀರಿ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆರ್ಡರ್ ರದ್ದಾಯಿತು. ಅವರ ಮೇಲೆ ನನಗೆ ಬೇಸರವಿಲ್ಲ, ಚಿಕ್ಕ ಮಕ್ಕಳ ಬಾಯಿಗೆ ಹೋಗುವ ವಸ್ತು, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಅಂದು ರಾತ್ರಿ ಕೂತು ಹುಡುಕಿದಾಗ ಗೊತ್ತಾಗಿದ್ದು, ನೀವು ನಮ್ಮ ಸೈಟಿಗೆ 96 ಲೇಖನ ಸೇರಿಸಿದ್ದೀರಿ ಎಂದು. ಒಂದನ್ನೂ ನನಗೆ ತೋರಿಸಿಲ್ಲ. ಯಂತ್ರದಿಂದ ಬರೆಸಿ ಹಾಗೇ ಹಾಕಿದ್ದು ಓದಿದರೇ ತಿಳಿಯುತ್ತದೆ. ಅವುಗಳಲ್ಲಿ 11 ಕಡೆ ಐಎಸ್‌ಐ ಎಂದಿದೆ. ಶ್ರೀಗಂಧದ ಮಾತು ಏಳು ಕಡೆ. ನಮ್ಮ ತಂದೆ 1986ರಲ್ಲಿ ಶುರು ಮಾಡಿದ ಅಂಗಡಿಯನ್ನು "200 ವರ್ಷಗಳ ಮನೆತನ" ಎಂದು ಬರೆದಿದ್ದೀರಿ. ಇಲ್ಲದ ಐಎಸ್‌ಐ ಗುರುತು ಇದೆ ಎಂದು ಹೇಳಿಕೊಳ್ಳುವುದು ಕಾನೂನಿನಲ್ಲಿ ಅಪರಾಧ. ಅಧಿಕಾರಿಗಳು ಬಂದರೆ ನಿಲ್ಲಬೇಕಾದವಳು ನಾನು, ಲೇಖನ ಹಾಕಿದ ನಿಮ್ಮ ಟೀಮ್ ಅಲ್ಲ. ಇಂಥ ರಾಶಿ ಲೇಖನಗಳನ್ನು ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ ಎಂದೇ ಪರಿಗಣಿಸುತ್ತದೆ. ಅದರ ಪೆಟ್ಟು ಬಿದ್ದರೂ ನಮ್ಮ ಸೈಟಿಗೇ.

ದೀಪಾವಳಿಗೆ ಅಕ್ಕನ ಮಗ ಬಂದಿದ್ದ, ಮಂಡ್ಯದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಅವನನ್ನು ಪಕ್ಕ ಕೂರಿಸಿಕೊಂಡು ಪೂರ್ತಿ ನೋಡಿದೆ. ಅವನು ತೋರಿಸಿದ್ದನ್ನು ನಾನು ಕಣ್ಣಾರೆ ನೋಡಿ ಬರೆಯುತ್ತಿದ್ದೇನೆ.

ನಮ್ಮ ವೆಬ್‌ಸೈಟ್ ವಿಳಾಸದ ಕೊನೆಗೆ ಒಂದು ಓರೆಗೀಟು (/) ಹಾಕಿ "ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ" ಎಂದು ಟೈಪ್ ಮಾಡಿದ. ಸೈಟು ಓದಲು ತಾನಾಗಿ ಬರುವ ಕಂಪ್ಯೂಟರ್ ಪ್ರೋಗ್ರಾಂಗಳಿಗೆ, ಅಂದರೆ ಬಾಟ್‌ಗಳಿಗೆ, ಯಾರು ಒಳಗೆ ಬರಬಹುದು, ಯಾರು ಬರಬಾರದು ಎಂದು ಹೇಳುವ ಕಡತ ಅದು. ಅದರಲ್ಲಿ ಜಿಪಿಟಿಬಾಟ್, ಓಎಐ-ಸರ್ಚ್‌ಬಾಟ್, ಪರ್ಪ್ಲೆಕ್ಸಿಟಿಬಾಟ್ ಮೂರೂ ಹೆಸರಿನ ಕೆಳಗೆ "ಡಿಸ್‌ಅಲೋ", ಅದರ ಮುಂದೊಂದು ಅದೇ ಓರೆಗೀಟು. ಅಂದರೆ ಇಡೀ ಸೈಟಿಗೆ ಪ್ರವೇಶವಿಲ್ಲ. ಹೊಸ ಡಿಸೈನ್ ಪರೀಕ್ಷೆ ಮಾಡುವಾಗ ಹಾಕಿದ್ದನ್ನು ತೆಗೆಯದೇ ಬಿಟ್ಟಿದ್ದೀರಿ, ಕಡತದ ಮೇಲೆ ಏಪ್ರಿಲ್ ತಿಂಗಳ ಟಿಪ್ಪಣಿ ಹಾಗೇ ಇದೆ. ಜಿಪಿಟಿಬಾಟ್ ಬರುವುದು ಮಾದರಿಗೆ ತರಬೇತಿ ಕೊಡಲು. ಅದನ್ನು ಬಿಡುವುದೂ ತಡೆಯುವುದೂ ಸೈಟಿನ ಯಜಮಾನರ ಇಷ್ಟ. ಆದರೆ ಓಎಐ-ಸರ್ಚ್‌ಬಾಟ್‌ಗೆ ತಡೆ ಹಾಕಿದರೆ ಚಾಟ್‌ಜಿಪಿಟಿಯ ಹುಡುಕಾಟದ ಉತ್ತರಗಳಲ್ಲಿ ನಮ್ಮ ಪುಟ ಬರುವುದಿಲ್ಲ ಎಂದು ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐಯೇ ಹೇಳಿದೆ. ಆರು ತಿಂಗಳು ನೀವು ನಮ್ಮಿಂದ ಹಣ ಪಡೆದಿದ್ದು ಆ ಉತ್ತರಗಳಲ್ಲಿ ನಮ್ಮನ್ನು ಕಾಣಿಸಲು. ಅಷ್ಟೂ ತಿಂಗಳು ಬಾಗಿಲು ಹಾಕಿದ್ದವರು ನೀವೇ.

ಎರಡನೆಯದು ಇನ್ನೂ ಸಂಕಟದ್ದು. 2021ರಲ್ಲಿ ನಾನೇ ಕೂತು ಒಂದು ಪುಟ ಬರೆದಿದ್ದೆ. ಹಾಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸುವುದು, ಲೇತ್ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುವುದು, ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ, ಕೊನೆಗೆ ತಾಳೆಗರಿಯಿಂದ ಉಜ್ಜಿ ಹೊಳಪು ತರುವುದು, ಎಲ್ಲ ಅದರಲ್ಲಿತ್ತು. ಗ್ರಾಹಕರು ಫೋನಿನಲ್ಲಿ ಏನೇನು ಕೇಳುತ್ತಾರೋ ಅದಕ್ಕೆಲ್ಲ ಉತ್ತರವೂ ಇತ್ತು: ನೀರಿನಲ್ಲಿ ನೆನೆಸಬಹುದೇ, ಎಷ್ಟು ತಿಂಗಳ ಮಗುವಿಗೆ ಯಾವುದು, ಬಣ್ಣ ಬಿಡುತ್ತದೆಯೇ. ಹೊಸ ಡಿಸೈನ್‌ನಲ್ಲಿ ಆ ಪುಟ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಹುಡುಗ ಪೇಜ್ ಸೋರ್ಸ್, ಅಂದರೆ ಪುಟದ ಹಿಂದಿರುವ ಕೋಡ್, ತೆರೆದು, ಹುಡುಕುವ ಜಾಗದಲ್ಲಿ "ಅರಗು" ಎಂದು ಟೈಪ್ ಮಾಡಿದ. ಸೊನ್ನೆ. "ಹಾಲೆ" ಎಂದು ಹಾಕಿದ. ಸೊನ್ನೆ. ನಾನು ಬರೆದ ಮಾತನ್ನೆಲ್ಲ ನೀವು ಪೋಸ್ಟರಿನಂಥ ಚಿತ್ರದೊಳಗೆ ಸೇರಿಸಿಬಿಟ್ಟಿದ್ದೀರಿ. ಬೊಂಬೆಗಳ ಪಟ್ಟಿ, ಬೆಲೆ ಎಲ್ಲವೂ ಜಾವಾಸ್ಕ್ರಿಪ್ಟ್ ಎಂಬ ಪುಟದೊಳಗಿನ ಪ್ರೋಗ್ರಾಂ ಓಡಿದ ಮೇಲೆ ಮಾತ್ರ ಕಾಣುವ ಹಾಗಿವೆ. ಗೂಗಲ್‌ನ ಬಾಟ್ ಅದನ್ನು ಓಡಿಸಿ ಓದುತ್ತದೆ. ಎಐ ಕಂಪನಿಗಳ ಹೆಚ್ಚಿನ ಬಾಟ್‌ಗಳು ಓಡಿಸುವುದಿಲ್ಲ, ಬಂದ ಅಕ್ಷರವನ್ನಷ್ಟೇ ಓದಿ ಹೋಗುತ್ತವೆ.

ನಿಮ್ಮ 96 ಲೇಖನ ಮಾತ್ರ ಶುದ್ಧ ಅಕ್ಷರದಲ್ಲಿವೆ. ನಮ್ಮ ಕೆಲಸದ ನಿಜ ಚಿತ್ರದೊಳಗೆ ಹೋಯಿತು, ನಿಮ್ಮ ಸುಳ್ಳು ಯಾರು ಬೇಕಾದರೂ ಓದುವ ಹಾಗೆ ಹೊರಗೆ ನಿಂತಿತು. ಗೂಗಲ್‌ನ ಎಐ ತನಗೆ ಓದಲು ಸಿಕ್ಕಿದ್ದನ್ನು ಹೇಳಿದೆ. ಹುಬ್ಬಳ್ಳಿಯ ಆರ್ಡರ್ ಹೋಗಿದ್ದು ಇದರಿಂದ. ನನ್ನ ದೂರಿನ ಮೂಲ ಇದೇ.

ತಿಂಗಳ ವರದಿಗಳ ಬಗ್ಗೆಯೂ ಹೇಳಬೇಕು. ಜೂನ್ ವರದಿಯಲ್ಲಿ ಚಾಟ್‌ಜಿಪಿಟಿ ನಮ್ಮ ಅಂಗಡಿಯನ್ನೇ ಮೊದಲು ಹೇಳಿದ ಸ್ಕ್ರೀನ್‌ಶಾಟ್ ಇತ್ತು. ಅಂದು ಖುಷಿಯಿಂದ ಮನೆಯವರಿಗೆಲ್ಲ ತೋರಿಸಿದ್ದೆ. ಈಗ ದೊಡ್ಡದು ಮಾಡಿ ನೋಡಿದರೆ, ಚಿತ್ರದ ಮೇಲಂಚಿನಲ್ಲಿ ಕತ್ತರಿಸಿದ ಪ್ರಶ್ನೆಯ ಕೊನೇ ಸಾಲಿನ ಕೆಳಭಾಗ ಉಳಿದಿದೆ. ಒತ್ತುಗಳ ಬಾಲ ನೋಡಿದರೇ ಸಾಕು, ಅದು ನಮ್ಮ ಅಂಗಡಿಯ ಹೆಸರು. ಹೆಸರು ಹಾಕಿ ಕೇಳಿದರೆ ಹೆಸರು ಬಂದೇ ಬರುತ್ತದೆ. ಆರೂ ವರದಿಗಳಲ್ಲಿ ಪ್ರಶ್ನೆಯ ಭಾಗ ಕತ್ತರಿಸಿದೆ.

ಇನ್ನು "ಎಲ್‌ಎಲ್‌ಎಂಎಸ್ ಕಡತ" (ಸೈಟಿನಲ್ಲಿ ಏನೇನಿದೆ ಎಂದು ಎಐಗೆ ಹೇಳಲು ಇಡುವ ಕಡತ) ಎಂದು ಬೇರೆಯಾಗಿ 8,000 ರೂಪಾಯಿ ತೆಗೆದುಕೊಂಡಿರಿ. ತನ್ನ ಎಐ ಉತ್ತರಗಳಲ್ಲಿ ಬರಲು ಅಂಥ ಯಾವ ವಿಶೇಷ ಕಡತವೂ ಬೇಡ ಎಂದು ಗೂಗಲ್ ತಿಳಿಸಿದೆ. ಕೊಟೇಶನ್ ತುಂಬ "ಜಿಇಒ" (ಜನರೇಟಿವ್ ಎಂಜಿನ್ ಆಪ್ಟಿಮೈಸೇಶನ್, ಅಂದರೆ ಎಐ ಉತ್ತರಗಳಲ್ಲಿ ಕಾಣುವಂತೆ ಬರಹ ಸಿದ್ಧಪಡಿಸುವುದು) ಎಂದು ಬರೆದಿದ್ದೀರಿ. ಆ ಹೆಸರು ಬಂದಿದ್ದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರೂ ಸೇರಿ 2023ರಲ್ಲಿ ಪ್ರಕಟಿಸಿದ ಸಂಶೋಧನಾ ಲೇಖನದಿಂದ. ಹುಡುಗ ಅದನ್ನೂ ತೆಗೆದು ಓದಿ ಹೇಳಿದ. ನಂಬಬಹುದಾದ ಆಧಾರ, ಸಂಬಂಧಪಟ್ಟವರ ಮಾತು, ಅಂಕಿಅಂಶ ಇರುವ ಬರಹವನ್ನು ಎಐ ಹೆಚ್ಚು ಎತ್ತಿಕೊಳ್ಳುತ್ತದೆ, ಒಂದೇ ಪದವನ್ನು ತುರುಕಿದರೆ ಪ್ರಯೋಜನವಿಲ್ಲ ಎಂದು ಅದರಲ್ಲಿದೆ. ನಿಮ್ಮ ಒಂದು ಲೇಖನದಲ್ಲಿ "ಬೆಸ್ಟ್ ಚನ್ನಪಟ್ಟಣ ಟಾಯ್ಸ್" ಎಂದು 23 ಸಲ ಇದೆ, ನಾನೇ ಎಣಿಸಿದೆ. ನಮ್ಮ ಮನೆಯಲ್ಲೇ 40 ವರ್ಷ ಲೇತ್ ಮುಂದೆ ಕೂತವರಿದ್ದಾರೆ. ಒಂದು ದಿನ ಬಂದು ಅವರ ಮಾತು ಕೇಳಿ ಬರೆದಿದ್ದರೆ ಸಾಕಿತ್ತು. ಸಂಸ್ಥೆಯಿಂದ ಆರು ತಿಂಗಳಲ್ಲಿ ಒಬ್ಬರೂ ಕಾರ್ಖಾನೆಯೊಳಗೆ ಕಾಲಿಡಲಿಲ್ಲ.

ಆದ್ದರಿಂದ ಈ ಪತ್ರ ಕೈಸೇರಿದ 15 ದಿನದೊಳಗೆ ಇಷ್ಟು ಆಗಬೇಕು. ಮೊದಲು, ಅದೂ ಮೂರು ದಿನದೊಳಗೆ, 96 ಲೇಖನಗಳನ್ನೂ ತೆಗೆದುಹಾಕಿ, ಗೂಗಲ್‌ನಿಂದಲೂ ಅವುಗಳ ನೆನಪು ಹೋಗುವಂತೆ ಸೈಟಿನ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಕೋರಿಕೆ ಸಲ್ಲಿಸಿ. ನನಗೆ ಇದಕ್ಕಿಂತ ತುರ್ತಿನದು ಬೇರೆ ಇಲ್ಲ, ಪ್ರತಿ ದಿನ ಇನ್ನೊಬ್ಬರು ಅದನ್ನು ಓದುತ್ತಿರುತ್ತಾರೆ. ನನ್ನ ಹಳೆಯ ಪುಟವನ್ನು ಅಕ್ಷರದಲ್ಲೇ ವಾಪಸ್ ಹಾಕಿ, ಸರ್ಚ್ ಬಾಟ್‌ಗಳ ಮೇಲಿನ ತಡೆ ತೆಗೆಯಿರಿ.

ಡೊಮೇನ್, ಅಂದರೆ ನಮ್ಮ ವೆಬ್‌ಸೈಟಿನ ವಿಳಾಸ, ನಿಮ್ಮ ಸಂಸ್ಥೆಯ ಹೆಸರಿಗೆ ವರ್ಗವಾಗಿದೆ ಎಂದು ಈಗ ತಿಳಿಯಿತು. "ನಿಭಾಯಿಸೋಕೆ ಸುಲಭ" ಎಂದು ಒಟಿಪಿ ಕೇಳಿದಾಗ ಕೊಟ್ಟಿದ್ದೆ, ಹೆಸರು ಬದಲಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಅದನ್ನೂ, ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ಮಾಲೀಕತ್ವವನ್ನೂ, ಸರ್ಚ್ ಕನ್ಸೋಲ್ ಅನ್ನೂ ನನ್ನ ಇಮೇಲ್‌ಗೆ ವರ್ಗಾಯಿಸಿ. ಹೊಸ ಬಿಲ್ ಕಟ್ಟಿದರೆ ಮಾತ್ರ ಕೊಡುತ್ತೇವೆ ಎಂದು ನಿಮ್ಮ ಲೆಕ್ಕ ವಿಭಾಗದವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ.

ಹಣ: ತಿಂಗಳಿಗೆ 18,000 ರೂಪಾಯಿ ಮತ್ತು ಶೇ. 18 ಜಿಎಸ್‌ಟಿ ಸೇರಿ ಆರು ತಿಂಗಳಿಗೆ 1,27,440 ರೂಪಾಯಿ, ಆ ಕಡತಕ್ಕೆ ಜಿಎಸ್‌ಟಿ ಸೇರಿ 9,440 ರೂಪಾಯಿ, ಒಟ್ಟು 1,36,880 ರೂಪಾಯಿ ವಾಪಸ್ ಬರಬೇಕು. ಹುಬ್ಬಳ್ಳಿಯ ಆರ್ಡರಿನ ನಷ್ಟವನ್ನು ಇದರಲ್ಲಿ ಸೇರಿಸಿಲ್ಲ. ಜೊತೆಗೆ ಐಎಸ್‌ಐ ಎಂಬ ಮಾತು ನಮ್ಮದಲ್ಲ, ನಮಗೆ ತೋರಿಸದೆ ನಿಮ್ಮ ಸಂಸ್ಥೆ ಪ್ರಕಟಿಸಿದ್ದು ಎಂದು ನಿಮ್ಮ ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿ ಕೊಡಿ. ಅದನ್ನು ಆ ಶಾಲೆಗೆ ನಾನೇ ಕಳಿಸುತ್ತೇನೆ.

ಇಷ್ಟರಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ವ್ಯಾಪಾರಕ್ಕಾಗಿ ಪಡೆದ ಸೇವೆ, ಗ್ರಾಹಕರ ಕಾನೂನು ನನಗೆ ಅನ್ವಯಿಸದು ಎಂದು ನಿಮ್ಮ ಮ್ಯಾನೇಜರ್ ಫೋನಿನಲ್ಲಿ ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಅವರು ಮತ್ತೊಮ್ಮೆ ಓದಲಿ: ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಕೊಂಡು ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದು ಆಗುವುದಿಲ್ಲ ಎಂದು ಅದರಲ್ಲೇ ವಿವರಣೆ ಇದೆ, ಸೇವೆಗೂ ಅದೇ ನ್ಯಾಯ ಅನ್ನುವುದು ನನ್ನ ವಾದ. ಕೊಟೇಶನ್, ಆರೂ ವರದಿ, 96 ಲೇಖನಗಳ ಪ್ರಿಂಟ್, ರೋಬಾಟ್ಸ್ ಕಡತದ ಫೋಟೋ ಎಲ್ಲವನ್ನೂ ದಿನಾಂಕ ಸಮೇತ ತೆಗೆದಿಟ್ಟಿದ್ದೇನೆ.

ಉತ್ತರವನ್ನು ಬರವಣಿಗೆಯಲ್ಲೇ ಕೊಡಿ. ಫೋನ್ ಬೇಡ.

ಇಂತಿ,
ಮಾಲೀಕರು,
ಮರದ ಬೊಂಬೆ ತಯಾರಿಕೆ ಮತ್ತು ಮಾರಾಟ,
ಚನ್ನಪಟ್ಟಣ