ರಿಜಿಸ್ಟರಿಗೆ ಗೊತ್ತಿರುವುದು, ಊರಿಗೆ ಗೊತ್ತಿರುವುದು

ಪೆರ್ಲ, ಕಾಸರಗೋಡು,
ಸೋಣ ತಿಂಗಳು

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ಅಡಿಕೆಗೆ ಇನ್ನೊಂದು ಸಲ ಮದ್ದು ಬಿಡಬೇಕು, ಮರ ಹತ್ತುವವರು ಸಿಗುತ್ತಿಲ್ಲ. ಅದು ಪ್ರತಿ ವರ್ಷದ ಕಥೆ, ಇರಲಿ.

ಪಿ.ಎಸ್.ಸಿ. ಬರೆದು ವಿಲೇಜ್ ಆಫೀಸಿಗೆ ಸೇರಿದ್ದೀಯ. ಇಂಜಿನಿಯರಿಂಗ್ ಓದಿದವಳಿಗೆ ಅಲ್ಲೇನು ಕೆಲಸ ಅಂತ ನಿನ್ನಪ್ಪನಿಗೆ ಸ್ವಲ್ಪ ಬೇಸರ. ಅದೇ ಇಲಾಖೆಯಲ್ಲಿ ಕೂದಲು ಹಣ್ಣಾಗಿಸಿದ ನನಗೆ ಖುಷಿಯೇ. ಆದರೆ ಮೊನ್ನೆ ಫೋನಿನಲ್ಲಿ ನೀನು ಹೇಳಿದೆಯಲ್ಲ, "ದೊಡ್ಡಪ್ಪ, ಈಗ ಮಾಹಿತಿ ಎಲ್ಲ ಸಿಸ್ಟಮಿನಲ್ಲೇ ಇದೆ, ನಾವು ಸುಮ್ನೆ ಪ್ರಿಂಟ್ ತೆಗೆದು ಕೊಡುವುದಷ್ಟೆ" ಅಂತ. ಆ ಮಾತಿಗೆ ಫೋನಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಕಂಪ್ಯೂಟರಿನಲ್ಲಿ ಇರುವುದೇನು? ಸರ್ವೆ ನಂಬರ್, ವಿಸ್ತೀರ್ಣ, ತಂಡಪೇರ್ ನಂಬರ್ ಅಂದರೆ ಜಾಗದವನ ಖಾತೆ ನಂಬರ್, ಜಾಗದ ಬಗೆ. ನೀವು ಡೇಟಾ ಅನ್ನುತ್ತೀರಿ, ಪೇಪರಿನವರು ದತ್ತಾಂಶ ಎಂದು ಬರೆಯುತ್ತಾರೆ. ಒಬ್ಬ ಬಂದು "ನನ್ನ ಜಾಗದಲ್ಲಿ ಮನೆ ಕಟ್ಟಬಹುದಾ?" ಎಂದು ಕೇಳಿದಾಗ ಅದೇ ಅಂಕೆಗಳು ಅವನಿಗೆ ಮಾಹಿತಿಯಾಗುತ್ತವೆ. ಕೇಳುವವನು ಬರುವ ತನಕ ಅವು ಯಾರಿಗೂ ಏನನ್ನೂ ಹೇಳುವುದಿಲ್ಲ.

ಬಿ.ಟಿ.ಆರ್. ಎಂಬ ಭೂತೆರಿಗೆಯ ಮೂಲ ರಿಜಿಸ್ಟರಿನಲ್ಲಿ ಅವನ ಜಾಗಕ್ಕೆ 'ನಿಲಂ' ಅಂತ ಇದೆ ಎಂದಿಟ್ಟುಕೋ. ಅಂದರೆ ಗದ್ದೆ. ಗದ್ದೆ ಮತ್ತು ಜೌಗು ಭೂಮಿ ಉಳಿಸಲು 2008ರಲ್ಲಿ ಕೇರಳ ಕಾನೂನು ತಂದ ಮೇಲೆ ಆ ಪದದ ತೂಕ ಬಹಳ ಹೆಚ್ಚಾಗಿದೆ. ಗದ್ದೆಗಳ ಪಟ್ಟಿಗೆ ಡೇಟಾ ಬ್ಯಾಂಕ್ ಎಂದೇ ಹೆಸರಿಟ್ಟಿದ್ದಾರೆ. ನೀನು ಪ್ರಿಂಟ್ ಕೊಟ್ಟು ಕಳಿಸಿದರೆ ನಿನ್ನ ಕೆಲಸ ಮುಗಿಯಿತು. ಆದರೆ ಜಾಗಕ್ಕೆ ಹೋಗಿ ನೋಡಿದರೆ ಅಲ್ಲಿ ಅವನ ಅಜ್ಜ ನೆಟ್ಟ ಅಡಿಕೆ ಮರಗಳಿರಬಹುದು. ಡೇಟಾ ಬ್ಯಾಂಕಿನಲ್ಲಿ ತಪ್ಪಾಗಿ ಸೇರಿದ ಜಾಗವನ್ನು ತೆಗೆಸಲು ಫಾರ್ಮ್ 5 ಅಂತ ಇದೆ, ಆರ್.ಡಿ.ಒ.ಗೆ, ಅಂದರೆ ರೆವೆನ್ಯೂ ಡಿವಿಜನಲ್ ಆಫೀಸರಿಗೆ ಕೊಡಬೇಕು. ಇದು ಅವನಿಗೆ ಗೊತ್ತಿರುವುದಿಲ್ಲ. ಅವನು ಕೇಳುವುದೂ ಇಲ್ಲ, ಯಾಕೆಂದರೆ ಅಂಥದ್ದೊಂದು ಇದೆ ಅಂತ ಗೊತ್ತಿದ್ದರೆ ತಾನೇ ಕೇಳುವುದು!

ನಮ್ಮ ಹಿರಿಯರು ಗದ್ದೆಯನ್ನು ಬರೇ ಗದ್ದೆ ಅಂದವರಲ್ಲ. ಬೈಲು, ಮಜಲು, ಬೆಟ್ಟು ಎಂದು ಬೇರೆ ಮಾಡಿದ್ದರು. ಬೈಲು ತಗ್ಗಿನದು, ನೀರು ಧಾರಾಳ. ಮಜಲು ನಡುವಿನದು. ಬೆಟ್ಟು ಮೇಲಿನದು, ಮಳೆ ಬಂದರೆ ಬೆಳೆ. ಎಷ್ಟು ಬೆಳೆ ತೆಗೆಯಬಹುದು, ನೀರು ಯಾವ ಕಡೆಯಿಂದ ಹರಿಯುತ್ತದೆ, ತೋಡಿನ ಜಗಳ ಎಲ್ಲಿ ಹುಟ್ಟುತ್ತದೆ, ಎಲ್ಲವೂ ಆ ಮೂರು ಹೆಸರಿನಲ್ಲಿ ಅಡಗಿದೆ. 'ನಿಲಂ' ಎಂಬ ಒಂದು ಕಾಲಮ್ಮಿಗೆ ಇಷ್ಟೆಲ್ಲ ಹಿಡಿಸುವುದಿಲ್ಲ. ಕಾಲಮ್ಮಿನ ತಪ್ಪು ಅಂತ ಹೇಳುವುದಿಲ್ಲ, ತೆರಿಗೆ ಎತ್ತಲು ಅಷ್ಟು ಸಾಕು. ಸ್ಥಳ ತನಿಖೆಗೆ ಹೋಗುವಾಗ ಮಾತ್ರ ಊರಿನ ಹಳಬರೊಬ್ಬರನ್ನು ಕರಕೊಂಡು ಹೋಗು. ಎರಡೂ ಕಡೆಯವರು ಒಪ್ಪುವಂಥವರನ್ನು, ಅದು ಮುಖ್ಯ.

ಮಾಹಿತಿ ಹಕ್ಕಿನ ಅರ್ಜಿಗಳೂ ನಿನ್ನ ಮೇಜಿಗೆ ಬರುತ್ತವೆ. 2005ರ ಆ ಕಾನೂನನ್ನು ಒಮ್ಮೆ ಪೂರ್ತಿ ಓದು, ಗೈಡ್ ಪುಸ್ತಕ ಬೇಡ. ಅದರ 2(ಎಫ್) ಕಲಮಿನಲ್ಲಿ ಮಾಹಿತಿ ಅಂದರೇನು ಅಂತ ಬರೆದಿದ್ದಾರೆ. ದಾಖಲೆ, ಮೆಮೊ, ಇ-ಮೇಲ್, ಅಭಿಪ್ರಾಯ, ಸಲಹೆ, ಸುತ್ತೋಲೆ, ಆದೇಶ, ಲಾಗ್ ಪುಸ್ತಕ, ಕರಾರು, ವರದಿ, ಸ್ಯಾಂಪಲ್, ಮಾಡೆಲ್ ಎಲ್ಲವೂ ಮಾಹಿತಿಯೇ. ಓದಿದರೆ ಪ್ರಪಂಚದಲ್ಲಿ ಮಾಹಿತಿ ಅಲ್ಲದ್ದು ಏನಿದೆ ಅನಿಸುತ್ತದೆ. ಆದರೆ ಆಫೀಸಿನ ಕೈಯಲ್ಲಿ ಇರುವುದನ್ನು ಮಾತ್ರ ಕೊಟ್ಟರೆ ಸಾಕು. ವಿದ್ಯಾರ್ಥಿಗಳು ತಮ್ಮ ಉತ್ತರ ಪತ್ರಿಕೆ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿತಲ್ಲ, ಅದರಲ್ಲೇ ಇದನ್ನೂ ಹೇಳಿದೆ. ದಾಖಲೆಯಲ್ಲಿ ಇಲ್ಲದ ಅಭಿಪ್ರಾಯವನ್ನು ಹೊಸದಾಗಿ ಹೇಳಬೇಕಾಗಿಲ್ಲ, ಇರುವುದರಿಂದ ಅರ್ಥ ಬಿಡಿಸಿಕೊಡಬೇಕಾಗಿಯೂ ಇಲ್ಲ ಅಂತ.

ಕಾನೂನಿಗೆ ಅದು ಸರಿ. ಆದರೆ "ಯಾಕೆ ನನ್ನ ಅರ್ಜಿ ತಿರಸ್ಕರಿಸಿದಿರಿ" ಎಂದು ಕೇಳಿದವಳಿಗೆ ಇಪ್ಪತ್ತು ಪುಟ ನಕಲು ಕೊಟ್ಟು ಕೈತೊಳೆಯುವವರನ್ನು ನಾನು ನೋಡಿದ್ದೇನೆ. ಎಲ್ಲ ಮಾಹಿತಿ ಸಿಕ್ಕಿತು, ತಿಳಿದದ್ದು ಸೊನ್ನೆ. ನೀನು ಆ ಇಪ್ಪತ್ತು ಪುಟದ ಜೊತೆ ಐದು ನಿಮಿಷ ಕೊಡು. ಯಾವ ಪುಟದ ಯಾವ ಸಾಲಿನಲ್ಲಿ ಅವಳ ಉತ್ತರ ಇದೆ ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿ ತೋರಿಸು. ಅದಕ್ಕೆ ಯಾವ ಕೋರ್ಟೂ ಅಡ್ಡ ಬರುವುದಿಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ಸಹಾಯ ಮಾಡಬೇಕು ಅಂತಲೂ ಅದೇ ಕಾನೂನಿನಲ್ಲಿದೆ. ಇದನ್ನು ಮಾತ್ರ ಬಹಳ ಜನ ಓದುವುದಿಲ್ಲ!

ನಮ್ಮ ಮಾತಿನಲ್ಲಿ ಇದಕ್ಕೆಲ್ಲ ಬೇರೆ ಬೇರೆ ಪದ ಇರುವುದು ಸುಮ್ನೆ ಅಲ್ಲ. ತೆರಿಗೆ ಕಟ್ಟುವ ಕೊನೆಯ ದಿನ 'ಗೊತ್ತಿದೆ' ಎನ್ನುತ್ತೇವೆ. ಈಜು 'ಬರುತ್ತದೆ', ಮಲಯಾಳ 'ಬರುತ್ತದೆ' ಎನ್ನುತ್ತೇವೆ. ಬಾಯಾರು, ಪಡ್ರೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತರುವವರಿಗೆ ಆ ಕೆಲಸ ಬರುತ್ತದೆ. ಎಲ್ಲಿ ಕೊರೆಯಬೇಕು ಅಂತ ಹೇಗೆ ಗೊತ್ತಾಗುತ್ತದೆ ಎಂದು ಕೇಳು, ಅರ್ಧ ಮಾತ್ರ ಬಾಯಲ್ಲಿ ಹೇಳಿಯಾರು. ಉಳಿದದ್ದು ಕೈಯಲ್ಲಿದೆ. ನಿನಗೂ ಈ ಕೆಲಸ ಬರಬೇಕಾದರೆ ಸಮಯ ಹಿಡಿಯುತ್ತದೆ, ಅವಸರ ಬೇಡ.

ಮಲಯಾಳದ ವಿಷಯ ಬಂತಲ್ಲ, ಒಂದು ಎಚ್ಚರ. ಅವರು ಮಾಹಿತಿಗೆ 'ವಿವರಂ' ಎನ್ನುತ್ತಾರೆ. ಮಾಹಿತಿ ಹಕ್ಕಿಗೆ ಅಲ್ಲಿ 'ವಿವರಾವಕಾಶಂ' ಎಂದೇ ಹೆಸರು. ಆದರೆ ಅದೇ ಪದಕ್ಕೆ ಬುದ್ಧಿ ಎಂಬ ಅರ್ಥವೂ ಇದೆ. ನೀನು ಕನ್ನಡದ ಅಭ್ಯಾಸದಲ್ಲಿ ಒಬ್ಬರ ಅರ್ಜಿ ನೋಡಿ "ವಿವರ ಇಲ್ಲ" ಅಂದುಬಿಟ್ಟರೆ, ಕಣ್ಣೂರಿನಿಂದ ಬಂದ ನಿನ್ನ ಸಾಹೇಬರಿಗೆ ಅದು ಬೇರೆಯೇ ಕೇಳಿಸೀತು. "ವಿವರಮಿಲ್ಲಾತ್ತವನ್" ಅಂದರೆ ಅವರಲ್ಲಿ ತಿಳಿವಳಿಕೆ ಇಲ್ಲದ ದಡ್ಡ!

ನೀನು ಕಾಲೇಜಿನಲ್ಲಿ ಕ್ಲಾಡ್ ಶಾನನ್ ಬಗ್ಗೆ ಓದಿರುತ್ತೀಯ. ಬಿಟ್ ಲೆಕ್ಕದಲ್ಲಿ ಮಾಹಿತಿಯನ್ನು ಅಳೆಯುವುದು ಹೇಗೆಂದು 1948ರಲ್ಲಿ ತೋರಿಸಿದವರು. ಸಂದೇಶದ ಅರ್ಥ ಏನು ಅನ್ನುವುದು ತನ್ನ ಲೆಕ್ಕಕ್ಕೆ ಬೇಡ ಎಂದು ಮೊದಲೇ ಹೇಳಿಬಿಟ್ಟರು. ಎಷ್ಟು ಅನಿರೀಕ್ಷಿತವೋ ಅಷ್ಟು ಮಾಹಿತಿ, ಖಂಡಿತ ಹೀಗೇ ಅಂತ ಮೊದಲೇ ಗೊತ್ತಿದ್ದರೆ ಸೊನ್ನೆ. ತಂತಿಯಲ್ಲಿ ಸಂದೇಶ ಕಳಿಸುವವರಿಗೆ ಬಹಳ ಒಳ್ಳೆಯ ಲೆಕ್ಕ. ಆ ಲೆಕ್ಕವನ್ನು ಕೌಂಟರಿಗೆ ತರಬೇಡ. ಅಲ್ಲಿ ಮತ್ತೆ ಮತ್ತೆ ಬರುವ ಅದೇ ದೂರನ್ನೇ ಜಾಸ್ತಿ ಕಿವಿಗೊಟ್ಟು ಕೇಳಬೇಕು.

ಇದನ್ನು ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿದ್ದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಯಾವ ಮನೆಯಲ್ಲಿ ಯಾರಿಗೆ ಕಾಯಿಲೆ ಅಂತ ಆಯಾ ಮನೆಯವರಿಗೆ ಗೊತ್ತಿತ್ತು. ಮದ್ದು ಬಿಡುವ ದಿನ ಎಲ್ಲರಿಗೂ ಗೊತ್ತಿತ್ತು. ಆದರೆ ಒಂದೊಂದು ಮನೆಯ ದುಃಖ ಒಂದೊಂದು ಮನೆಯಲ್ಲೇ ಇತ್ತು, ದೈವದ ಕೋಪ, ನಾಗನ ದೋಷ ಅಂದುಕೊಂಡವರೂ ಇದ್ದರು. ಪಡ್ರೆಯ ಡಾಕ್ಟರ್ ಮೋಹನ್ ಕುಮಾರ್ ಅವರಿಗೆ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಬಗೆಯ ಕಾಯಿಲೆಗಳು ಮತ್ತೆ ಮತ್ತೆ ಕಂಡವು. ಅವರು ಅದನ್ನು ಪಕ್ಕಪಕ್ಕ ಇಟ್ಟು ನೋಡಿದರು. ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಸುಪ್ರೀಂ ಕೋರ್ಟು ದೇಶದಲ್ಲಿ ಆ ಮದ್ದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ತೊಂದರೆಯಾದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂದದ್ದು 2017ರಲ್ಲಿ. ಪಟ್ಟಿಯಲ್ಲಿ ಹೆಸರು ಇದೆಯಾ ಇಲ್ಲವಾ ಎಂದು ಅಲೆಯುವ ತಾಯಂದಿರು ನಿನ್ನ ಕೌಂಟರಿಗೂ ಬಂದಾರು. ಸಿಸ್ಟಮಿನಲ್ಲಿ ಇಲ್ಲ ಅನ್ನುವ ಮೊದಲು ಕೂತುಕೊಳ್ಳಲು ಹೇಳು.

ಅದಕ್ಕೇ ಒಂದು ನೋಟ್‌ಬುಕ್ ಇಟ್ಟುಕೋ, ಸರ್ಕಾರದ್ದಲ್ಲ, ನಿನ್ನದೇ. ಯಾವ ವಾರ್ಡಿನವರು ಯಾವ ವಿಷಯಕ್ಕೆ ಪದೇ ಪದೇ ಬರುತ್ತಾರೆ ಎಂದು ಗುರುತು ಹಾಕು. ಹೆಸರು, ಆಧಾರ್ ನಂಬರ್ ಬರೆಯಬೇಡ. ವರ್ಷ ಕಳೆದ ಮೇಲೆ ತಿರುವಿ ನೋಡು.

ಇನ್ನೊಂದು. ಕನ್ನಡದಲ್ಲಿ ಬಂದ ಅರ್ಜಿಗೆ ಕನ್ನಡದಲ್ಲೇ ಉತ್ತರ ಬರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಆಫೀಸುಗಳಿಗೆ ಜನ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಹೋಗಬೇಕು ಎಂದು ಕೇರಳದ 1969ರ ಆಡಳಿತ ಭಾಷಾ ಕಾನೂನೇ ಹೇಳುತ್ತದೆ. ಓದಲು ಬಾರದ ಲಿಪಿಯಲ್ಲಿ ಉತ್ತರ ಹೋದರೆ ಆ ಅಜ್ಜಿಗೆ ಅದು ಕಾಗದ ಮಾತ್ರ, ಇನ್ನೊಬ್ಬರ ಮನೆ ಬಾಗಿಲಿಗೆ ಹಿಡಕೊಂಡು ಹೋಗಬೇಕು. ಮೇಲಿನವರು ಆಕ್ಷೇಪ ಮಾಡಿದರೆ ಜಗಳ ಬೇಡ, ಕಾನೂನಿನ ಪ್ರತಿ ತೋರಿಸು. ನನ್ನ ಹತ್ತಿರ ಒಂದು ಇದೆ, ಆದಿತ್ಯವಾರ ನಿನ್ನ ತಮ್ಮ ಆ ಕಡೆ ಬರುವಾಗ ಕೊಟ್ಟು ಕಳಿಸುತ್ತೇನೆ. ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕೊಡು.

ಇತಿ,
ನಿನ್ನ ದೊಡ್ಡಪ್ಪ