ಸ್ಕೋಪ್ ಕೊಳ್ಳುವವರು ಜೂಮ್ ಒಂದನ್ನೇ ನೋಡಬಾರದು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ರೈಫಲ್ ಸ್ಕೋಪ್ (ಗುರಿ ಹಿಡಿಯಲು ರೈಫಲ್ ಮೇಲೆ ಕೂರಿಸುವ ದೂರದರ್ಶಕ) ಬಗ್ಗೆ ಬಂದ ಲೇಖನ ಓದಿದೆ. ಈ ವಿಷಯಕ್ಕೆ ಕನ್ನಡದಲ್ಲಿ ಅಷ್ಟು ಜಾಗ ಕೊಟ್ಟಿದ್ದು ನೋಡಿ ಖುಷಿಯಾಯಿತು. ಆದರೆ ಬೇಟೆಗಾಗಲಿ, ದೂರದ ಗುರಿಗಾಗಲಿ, ಜೂಮ್ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು ಎಂಬ ಅದರ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಹೊಸಬರಿಗೆ ರೈಫಲ್ ಕಲಿಸುವವನು. ಇದೇ ನಂಬಿಕೆ ಇಟ್ಟುಕೊಂಡು, ತಮ್ಮ ಕೆಲಸಕ್ಕೆ ಹೊಂದದ ಸ್ಕೋಪ್ ತಂದು ರೇಂಜಿನಲ್ಲಿ (ಗುರಿ ಅಭ್ಯಾಸದ ಮೈದಾನದಲ್ಲಿ) ಒದ್ದಾಡುವವರನ್ನು ನೋಡುತ್ತಲೇ ಇದ್ದೇನೆ. ಅದಕ್ಕೇ ಈ ಪತ್ರ.

ಮೊದಲು ಬೇಟೆಯ ಮಾತು. ಕಾನೂನು ಒಪ್ಪಿಗೆ ಇರುವ ಕಡೆ, ಪರವಾನಗಿ ಪಡೆದು ಮಾಡುವ ಬೇಟೆಯನ್ನಷ್ಟೇ ಹೇಳುತ್ತಿದ್ದೇನೆ. ಸ್ಕೋಪಿನ ಮೇಲೆ 3-9×40 ಎಂದು ಬರೆದಿದ್ದರೆ, ಗುರಿ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜಿನ ಅಗಲ 40 ಮಿಲಿಮೀಟರ್ ಎಂದರ್ಥ. ಗಾಜಿನ ಅಗಲವನ್ನು ಜೂಮ್‌ನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಒಂಬತ್ತರಲ್ಲಿ ಅದು 4.4 ಮಿಲಿಮೀಟರ್. 50 ಮಿಲಿಮೀಟರ್ ಗಾಜಿನ ಸ್ಕೋಪನ್ನು 25ಕ್ಕೆ ತಿರುಗಿಸಿದರೆ ಬರೀ 2. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿಲಿಮೀಟರಿನ ತನಕ ಅರಳುತ್ತದೆ. ವಯಸ್ಸಾದಂತೆ 5ರ ಆಸುಪಾಸಿಗೆ ಇಳಿಯುತ್ತದೆ. ಪಾಪೆ ಅಷ್ಟು ಅರಳಿ ಕಾದಿರುವಾಗ 2 ಮಿಲಿಮೀಟರ್ ಬೆಳಕು ಕೊಟ್ಟರೆ ಏನು ಕಂಡೀತು? ಪ್ರಾಣಿಗಳು ಓಡಾಡುವುದೇ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಕುಕ್ಕುವಂತೆ ಕಂಡ ಸ್ಕೋಪ್ ಆ ಹೊತ್ತಿಗೆ ಮಂಕಾಗುತ್ತದೆ.

ನೋಟದ ಹರವೂ ಕಮ್ಮಿಯಾಗುತ್ತದೆ. 100 ಮೀಟರ್ ದೂರದಲ್ಲಿ ಮೂರರ ಜೂಮ್ ಸುಮಾರು 10 ಮೀಟರ್ ಅಗಲದ ಜಾಗ ತೋರಿಸಿದರೆ, ಒಂಬತ್ತರದ್ದು 4 ಮೀಟರ್. 24ಕ್ಕೆ ಹೋದರೆ ಒಂದೂವರೆ ಮೀಟರಿನ ಆಸುಪಾಸು. ಪೊದೆಯಿಂದ ಪ್ರಾಣಿ ಎದ್ದು ಹೊರಟಾಗ ಅದನ್ನು ಆ ಕಿಂಡಿಯಲ್ಲಿ ಹಿಡಿಯುವುದರೊಳಗೆ ಅದು ಹೋಗಿಯೇ ಬಿಟ್ಟಿರುತ್ತದೆ. ದಟ್ಟ ಕಾಡಿನಲ್ಲಿ 1-6×24 ಸಾಕು. ಬಯಲಿಗೆ 3-9×40 ಸಾಕು. ಇವು ಹಗುರ, ಭುಜಕ್ಕೆ ಹೊರೆಯಾಗುವುದಿಲ್ಲ.

ಗಾಜಿನ ಗುಣಮಟ್ಟಕ್ಕೆ ನಾನು ಜೂಮ್‌ಗಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಲೇಪ ಇಲ್ಲದ ಗಾಜಿನ ಒಂದೊಂದು ಮೈಯಲ್ಲೂ ಸುಮಾರು 4 ಶೇಕಡಾ ಬೆಳಕು ವಾಪಸ್ ಹೋಗುತ್ತದೆ. ಸ್ಕೋಪಿನೊಳಗೆ ಅಂಥ ಮೈಗಳು ಹತ್ತಾರು. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಕಂಡುಹಿಡಿದ ಲೇಪ ಈ ನಷ್ಟವನ್ನು ತಡೆಯಿತು. ಎಲ್ಲ ಗಾಜಿಗೂ, ಎರಡೂ ಮೈಗೂ, ಹಲವು ಪದರದ ಲೇಪ ಇದೆಯಾ ಎಂದು ಕೇಳಿಯೇ ಕೊಳ್ಳಿ. ಟ್ಯೂಬ್ 30 ಮಿಲಿಮೀಟರ್ ದಪ್ಪ ಇದ್ದರೆ ಬೆಳಕು ಜಾಸ್ತಿ ಬರುತ್ತದೆ ಎನ್ನುವುದು ಸುಮ್ನೆ ಮಾತು. ದಪ್ಪ ಟ್ಯೂಬಿನಿಂದ ಸಾಮಾನ್ಯವಾಗಿ ಸಿಗುವುದು ರೆಟಿಕಲ್ (ಗುರಿ ಹಿಡಿಯುವ ಅಡ್ಡ-ಉದ್ದ ಗೆರೆಗಳು, ಕ್ರಾಸ್‌ಹೇರ್) ಮೇಲೆ ಕೆಳಗೆ ಸರಿಯಲು ಹೆಚ್ಚು ಜಾಗ.

ಆ ಜಾಗ ಬೇಕಾಗುವುದು ದೂರದ ಗುರಿಗೆ. .308 ವಿಂಚೆಸ್ಟರ್ ರೈಫಲನ್ನು 100 ಗಜಕ್ಕೆ ಝೀರೋ ಮಾಡಿ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿ), 175 ಗ್ರೇನ್ (ಸುಮಾರು 11 ಗ್ರಾಂ) ಗುಂಡಿನಲ್ಲಿ 1000 ಗಜಕ್ಕೆ ಹೊಡೆಯಬೇಕೆಂದರೆ ಸ್ಕೋಪನ್ನು ಹತ್ತಿರ ಹತ್ತಿರ 11 ಮಿಲ್ (ಕೋನದ ಒಂದು ಅಳತೆ) ಏರಿಸಬೇಕು. ಎಂಓಎ, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಲೆಕ್ಕದಲ್ಲಿ 38ರ ಆಸುಪಾಸು. ಒಟ್ಟು 60 ಎಂಓಎ ಓಡಾಟ ಇರುವ ಸ್ಕೋಪಿನಲ್ಲಿ ನಡುವಿನಿಂದ ಮೇಲಕ್ಕೆ ಸಿಗುವುದು 30 ಮಾತ್ರ. ಅಲ್ಲಿಗೆ ಟರೆಟ್, ಅಂದರೆ ಏರಿಸಿ ಇಳಿಸುವ ತಿರುಗಣೆ, ನಿಂತುಬಿಡುತ್ತದೆ. 20 ಎಂಓಎ ಇಳಿಜಾರಿನ ರೈಲ್ (ರೈಫಲ್ ಮೇಲೆ ಸ್ಕೋಪ್ ಕೂರಿಸುವ ಪಟ್ಟಿ) ಮೇಲೆ ಕೂರಿಸಿದರೆ ಅದೇ ಸ್ಕೋಪ್ ಸಾಕಾಗುತ್ತದೆ. ಲೇಖನದಲ್ಲಿ ಜೂಮ್ ಬಗ್ಗೆ ಅಷ್ಟೊಂದು ಇತ್ತು, ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಟರೆಟ್ ನಿಜ ಹೇಳುತ್ತದೆಯಾ ಎಂದು ನೋಡುವುದು ಇನ್ನೂ ಮುಖ್ಯ. ನನ್ನ ವಿದ್ಯಾರ್ಥಿಗಳಿಂದ ಇದನ್ನು ಕಡ್ಡಾಯವಾಗಿ ಮಾಡಿಸುತ್ತೇನೆ. ಸರಿಯಾಗಿ ಅಳೆದ 100 ಮೀಟರಿನಲ್ಲಿ ಆಳೆತ್ತರದ ಕಾಗದ ಕಟ್ಟಬೇಕು. ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆಯಬೇಕು. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಕೆಲವು ಗುಂಡು ಹೊಡೆಯಬೇಕು. ಆಮೇಲೆ 10 ಮಿಲ್ ಏರಿಸಿ, ಅದೇ ಚುಕ್ಕೆಗೇ ಗುರಿಯಿಟ್ಟು ಮತ್ತೆ ಹೊಡೆಯಬೇಕು. 100 ಮೀಟರಿನಲ್ಲಿ ಒಂದು ಮಿಲ್ ಎಂದರೆ 10 ಸೆಂಟಿಮೀಟರ್. ಹಾಗಾಗಿ ಎರಡು ಗುಂಪಿನ ನಡುವೆ ಸರಿಯಾಗಿ ಒಂದು ಮೀಟರ್ ಇರಬೇಕು. 97 ಸೆಂಟಿಮೀಟರ್ ಬಂತು ಅನ್ನಿ. ಮೂರು ಸೆಂಟಿಮೀಟರ್ ತಾನೇ ಅನಿಸಬಹುದು. ಅದೇ ತಪ್ಪು 1000 ಗಜಕ್ಕೆ ಹೋದಾಗ ಗುಂಡು 30 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ದೂರದ ಗುರಿಗೆ ಹೊಡೆಯುವ ಅಮೆರಿಕದ ಎಫ್-ಕ್ಲಾಸ್ ಸ್ಪರ್ಧೆಯ 1000 ಗಜದ ಫಲಕದಲ್ಲಿ ಹತ್ತು ಅಂಕದ ವೃತ್ತದ ಅಗಲವೇ 10 ಇಂಚು, ಅಂದರೆ ಸುಮಾರು 25 ಸೆಂಟಿಮೀಟರ್! ಗುಂಡುಗಳು ಆ ಗೆರೆಯಿಂದ ಪಕ್ಕಕ್ಕೆ ಸರಿಯುತ್ತಾ ಹೋದರೆ ಸ್ಕೋಪ್ ಓರೆಯಾಗಿ ಕೂತಿದೆ ಎಂದು ತಿಳಿಯಬಹುದು. ಕೊನೆಗೆ ಟರೆಟನ್ನು ಸೊನ್ನೆಗೆ ತಂದು ಒಂದು ಗುಂಡು ಹೊಡೆಯಿರಿ. ಅದು ಮೊದಲ ಗುಂಪಿಗೇ ವಾಪಸ್ ಬರಬೇಕು. ಬರದ ಸ್ಕೋಪಿಗೆ 50 ಪಟ್ಟು ಜೂಮ್ ಇದ್ದರೂ ನಾನು ಅದನ್ನು ಮುಟ್ಟುವುದಿಲ್ಲ.

ದೂರದ ಗುರಿಗೂ ಜೂಮ್‌ಗೆ ಒಂದು ಮಿತಿ ಇದೆ. ನೆಲ ಕಾದಾಗ ಏಳುವ ಬಿಸಿಗಾಳಿಯ ಅಲೆಯನ್ನೂ, ನಮ್ಮ ಎದೆಬಡಿತದ ನಡುಕವನ್ನೂ ಜೂಮ್ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. 25ರಲ್ಲಿ ಗುರಿ ಕುದಿಯುವಂತೆ ಕಂಡರೆ 15ಕ್ಕೆ ಇಳಿಸಿ ನೋಡಿ, ಎಷ್ಟೋ ಹಿತವಾಗಿರುತ್ತದೆ. ಅಲ್ಲಿ ಜೂಮ್‌ಗಿಂತ ಮೊದಲು ಬೇಕಾದದ್ದು ಪಕ್ಕದಲ್ಲಿ ಪ್ಯಾರಲಾಕ್ಸ್ ತಿರುಗಣೆ. ರೈಫಲನ್ನು ಮರಳುಚೀಲದ ಮೇಲೆ ಅಲುಗದಂತೆ ಇಟ್ಟು, ಮುಟ್ಟದೆ ತಲೆಯನ್ನು ಆಚೀಚೆ ಸರಿಸಿ. ಕ್ರಾಸ್‌ಹೇರ್ ಗುರಿಯ ಮೇಲೆ ಜಾರಿದಂತೆ ಕಂಡರೆ ಪ್ಯಾರಲಾಕ್ಸ್ ಇನ್ನೂ ಉಳಿದಿದೆ. ಜಾರುವುದು ನಿಲ್ಲುವ ತನಕ ತಿರುಗಿಸಿ. ತಿರುಗಣೆ ಮೇಲೆ ಬರೆದ ಅಂಕಿಯನ್ನು ನಂಬಿ ಕೂರಬೇಡಿ.

ರೆಟಿಕಲ್ ಮೊದಲ ಫೋಕಲ್ ಪ್ಲೇನಿನಲ್ಲಿದ್ದರೆ (ಜೂಮ್ ಮಾಡುವ ಗಾಜುಗಳಿಗಿಂತ ಮುಂದೆ ಇದ್ದರೆ) ಜೂಮ್ ಜೊತೆ ಅದೂ ಬೆಳೆಯುತ್ತದೆ, ಅದರ ಗೆರೆಗಳ ಅಳತೆ ಎಲ್ಲ ಜೂಮ್‌ನಲ್ಲೂ ಸರಿಯಿರುತ್ತದೆ. ಬೇರೆ ಬೇರೆ ದೂರಕ್ಕೆ ಬೇಗ ಬೇಗ ಹೊಡೆಯುವವರಿಗೆ ಇದೇ ಸರಿ. ಆದರೆ ಕಡಿಮೆ ಜೂಮ್‌ನಲ್ಲಿ ಆ ಗೆರೆ ಎಷ್ಟು ಸಣ್ಣಗಾಗುತ್ತದೆ ಎಂದರೆ ಮಬ್ಬಿನಲ್ಲಿ ಕಾಣುವುದೇ ಇಲ್ಲ. ಬೇಟೆಗೆ ಎರಡನೇ ಪ್ಲೇನಿನ (ಜೂಮ್ ಬದಲಾದರೂ ಗೆರೆ ಅಷ್ಟೇ ಇರುವ), ಹೊರಗೆ ದಪ್ಪ ನಡುವೆ ಸಣ್ಣ ಗೆರೆಯ ಡ್ಯುಪ್ಲೆಕ್ಸ್ ವಾಸಿ. ಲ್ಯೂಪೋಲ್ಡ್ ಕಂಪನಿ 1962ರಲ್ಲಿ ತಂದ ಆ ವಿನ್ಯಾಸ ಇಂದಿಗೂ ಹಳತಾಗಿಲ್ಲ. ಬೇಟೆಗೂ ದೂರದ ಗುರಿಗೂ ಒಂದೇ ಸ್ಕೋಪ್ ಬೇಕೇ ಬೇಕು ಎನ್ನುವವರು 3-15×44ರಂಥದ್ದನ್ನು ನೋಡಲಿ. ಎರಡು ಕಡೆಯೂ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ, ಅಷ್ಟೇ.

ಕಣ್ಣಿನ ಅಂತರ ಮಾತ್ರ ಯಾರೂ ಮರೆಯಬಾರದು. ಕಣ್ಣಿಗೂ ಹಿಂದಿನ ಗಾಜಿಗೂ ನಡುವೆ 8ರಿಂದ 10 ಸೆಂಟಿಮೀಟರ್ ಬೇಕು. ಅಂಗಡಿಯ ಮೇಜಿನ ಮುಂದೆ ನಿಂತು ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬೋರಲು ಮಲಗಿದಾಗ ಕತ್ತು ಮುಂದಕ್ಕೆ ಬರುತ್ತದೆ. ರೈಫಲ್ ಒದ್ದರೆ ಸ್ಕೋಪಿನ ಅಂಚು ಹುಬ್ಬಿಗೇ ಬಡಿಯುತ್ತದೆ. ಹುಬ್ಬು ಸೀಳಿಸಿಕೊಂಡ ಹುಡುಗ ಆಮೇಲೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚತೊಡಗುತ್ತಾನೆ. ಆ ಅಂಜಿಕೆ ಬಿಡಿಸಲು ತಿಂಗಳುಗಟ್ಟಲೆ ಬೇಕು. ಸ್ಕೋಪ್ ಕೂರಿಸುವಾಗ ಮಲಗಿ, ಕೂತು, ನಿಂತು ಮೂರೂ ಬಗೆಯಲ್ಲಿ ನೋಡಿ, ಆಮೇಲೆ ಸ್ಕೋಪ್ ಹಿಡಿದಿಡುವ ರಿಂಗ್ ಬಿಗಿ ಮಾಡಿ. ಅದೂ ಎಷ್ಟು ಬಿಗಿಯಾಯಿತು ಎಂದು ತೋರಿಸುವ ಟಾರ್ಕ್ ರೆಂಚಿನಲ್ಲಿ, ತಯಾರಕರು ಹೇಳಿದಷ್ಟೇ.

ಇನ್ನು ಲೇಖನದ ಜೊತೆಗಿದ್ದ ಚಿತ್ರದ ವಿಷಯ. ಒಬ್ಬರು ರೈಫಲ್ ಎತ್ತಿ ಸ್ಕೋಪಿನಲ್ಲೇ ಕಣಿವೆಯನ್ನೆಲ್ಲ ಹುಡುಕುತ್ತಿದ್ದಾರೆ. ಇದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಸ್ಕೋಪ್ ಎಲ್ಲಿ ನೋಡುತ್ತದೋ ನಳಿಕೆಯೂ ಅಲ್ಲಿಗೇ ತಿರುಗಿರುತ್ತದೆ. ಅಲ್ಲಿ ಸೌದೆಗೆ ಬಂದವರಿರಬಹುದು, ಇನ್ನೊಬ್ಬ ಬೇಟೆಗಾರ ಇರಬಹುದು. ಹುಡುಕಲು ಬೈನಾಕ್ಯುಲರ್ ಇದೆ. ಪ್ರಾಣಿ ಯಾವುದು, ಅದರ ಹಿಂದೆ ಏನಿದೆ ಎಂದು ಖಚಿತವಾದ ಮೇಲಷ್ಟೇ ರೈಫಲ್ ಮೇಲೇಳಬೇಕು.

ಹಾಗೆಯೇ, 25 ಪಟ್ಟು ದೊಡ್ಡದಾಗಿ ಕಂಡಿತು ಎಂದ ಮಾತ್ರಕ್ಕೆ ಪ್ರಾಣಿ ಹತ್ತಿರ ಬಂದಿರುವುದಿಲ್ಲ. .308ರ ಗುಂಡು 500 ಮೀಟರ್ ಹೋಗಲು ಮುಕ್ಕಾಲು ಸೆಕೆಂಡಿನ ಹತ್ತಿರ ಬೇಕು. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತದೆ. ಅದು ತಕ್ಷಣ ಸಾಯುವುದಿಲ್ಲ. ಗಂಟೆಗಟ್ಟಲೆ ನರಳುತ್ತದೆ. ಕಾಗದದ ಗುರಿಗೆ ಎಷ್ಟು ದೂರ ಬೇಕಾದರೂ ಹೊಡೆಯಿರಿ, ಜೀವಕ್ಕೆ ಹಾಗಲ್ಲ. ಆದ್ದರಿಂದ ಮುಂದಿನ ಬಾರಿ ಈ ವಿಷಯ ಬರೆಸುವಾಗ ದೂರದ ಗುರಿಗೆ ಒಂದು ಲೇಖನ, ಬೇಟೆಗೆ ಬೇರೆಯದೇ ಲೇಖನ ಬರೆಸಿ. ಆ ಚಿತ್ರದ ಬಗ್ಗೆ ಒಂದು ತಿದ್ದುಪಡಿ ಈ ವಾರವೇ ಹಾಕಿದರೆ ಉಪಕಾರವಾಗುತ್ತದೆ.

ಇಂತಿ,
ಒಬ್ಬ ರೈಫಲ್ ತರಬೇತುದಾರ