ಗೆಳೆಯನಿಗೊಂದು ಪತ್ರ: ಸುಳ್ಳು ಬಸಿರು ಇಳಿಯುವ ತನಕ ಚಿನ್ನಿಗೆ ಆಪರೇಷನ್ ಬೇಡ

ಪ್ರಿಯ ಸುರೇಶ,

ನಿನ್ನ ಮೆಸೇಜು ಓದಿದೆ. ನಿನ್ನ ನಾಯಿ ಚಿನ್ನಿ ಮಂಚದ ಕೆಳಗೆ ಬೆಡ್‌ಶೀಟು ಎಳೆದುಕೊಂಡು ಗೂಡು ಮಾಡಿಕೊಂಡಿದ್ದಾಳೆ, ರಬ್ಬರ್ ಬಾತುಕೋಳಿ ಬಿಟ್ಟು ಏಳುವುದಿಲ್ಲ, ಹತ್ತಿರ ಹೋದರೆ ಗುರ್ ಅನ್ನುತ್ತಾಳೆ, ಹಿಂದಿನ ಮೊಲೆಗಳಲ್ಲಿ ಹಾಲು ಜಿನುಗುತ್ತಿದೆ. ಈ ವಾರವೇ ಸ್ಪೇ (ಮರಿಯಾಗದಂತೆ ಮಾಡುವ ಆಪರೇಷನ್) ಮಾಡಿಸಿದರೆ ಎಲ್ಲ ಒಮ್ಮೆಗೇ ಮುಗಿಯುತ್ತದಲ್ಲ ಅಂತ ಕೇಳಿದ್ದೀಯ. ಮುಗಿಯುವುದಿಲ್ಲ ಕಣೋ. ಈಗ ಮಾಡಿಸಿದರೆ ಇದೇ ಅವಸ್ಥೆ ತಿಂಗಳುಗಟ್ಟಲೆ ಎಳೆಯಬಹುದು. ಡಿಸೆಂಬರ್‌ವರೆಗೆ ತಡಿ.

ಕಾರಣ ಹಾರ್ಮೋನಿನದು. ಹೆಣ್ಣು ನಾಯಿಯಲ್ಲಿ ಬೆದೆ ಮುಗಿದ ಮೇಲೆ ಗಬ್ಬ ಕಟ್ಟಲಿ ಬಿಡಲಿ, ಅಂಡಾಶಯ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸುರಿಸುತ್ತಲೇ ಇರುತ್ತದೆ. ಆ ಮಟ್ಟ ಇಳಿಯುವಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಏರುತ್ತದೆ. ಹಾಲು ಬರಿಸುವುದು, ಗೂಡು ಕಟ್ಟಿಸುವುದು, ಬೊಂಬೆಯನ್ನು ಮರಿ ಅಂತ ಕಾಯಿಸುವುದು ಈ ಪ್ರೊಲ್ಯಾಕ್ಟಿನ್. ಆದ್ದರಿಂದ ಸುಳ್ಳು ಬಸಿರು, ಅಂದರೆ ಗಬ್ಬವಿಲ್ಲದೆಯೂ ಹೀಗೆ ತಾಯಿಯ ಲಕ್ಷಣ ಕಾಣುವುದು, ರೋಗವಲ್ಲ, ನಾಯಿಯ ದೇಹದ ಸಹಜ ಚಕ್ರವೇ ಸ್ವಲ್ಪ ಜೋರಾಗಿ ಕಾಣಿಸಿಕೊಂಡದ್ದು. ಬೆದೆಯಾಗಿ ಆರರಿಂದ ಹನ್ನೆರಡು ವಾರದೊಳಗೆ ಕಾಣಿಸಿಕೊಂಡು, ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ.

ಸ್ಪೇ ಅಂದರೆ ಅಂಡಾಶಯವನ್ನೇ ತೆಗೆಯುವುದು. ಬೆದೆ ಮುಗಿದ ಮೊದಲೆರಡು ತಿಂಗಳಲ್ಲಿ ತೆಗೆದರೆ ಪ್ರೊಜೆಸ್ಟರಾನ್ ಮೆಲ್ಲಗೆ ಇಳಿಯುವ ಬದಲು ಒಂದೇ ದಿನದಲ್ಲಿ ಕುಸಿಯುತ್ತದೆ, ಪ್ರೊಲ್ಯಾಕ್ಟಿನ್ ಜಿಗಿಯುತ್ತದೆ. ಆಪರೇಷನ್ ಆದ ಎರಡು ವಾರದೊಳಗೆ ಹೊಸದಾಗಿ ಸುಳ್ಳು ಬಸಿರು ಶುರುವಾದ ನಾಯಿಗಳು ಬಹಳ. ಈಗಾಗಲೇ ಹಾಲಿದ್ದಾಗ ಮಾಡಿಸಿದರೂ ಅಷ್ಟೇ, ಏರಿದ ಪ್ರೊಲ್ಯಾಕ್ಟಿನ್ ಏರಿದಂತೆಯೇ ಉಳಿದುಬಿಡುವ ಅಪಾಯವಿದೆ. ಸ್ಪೇ ಆಗಿ ಎಷ್ಟೋ ತಿಂಗಳಾದರೂ ಬೊಂಬೆ ಕಾಯುವ, ಕಾರಣವಿಲ್ಲದೆ ಮನೆಯವರ ಮೇಲೆ ಗುರುಗುಟ್ಟುವ ನಾಯಿಗಳಲ್ಲಿ ಕೆಲವಕ್ಕೆ ಮೂಲ ಇದೇ. ಅದನ್ನು ಕೆಟ್ಟ ಸ್ವಭಾವ ಅಂದುಕೊಂಡು ಹೊಡೆಯುವವರೂ ಇದ್ದಾರೆ, ಪಾಪ.

ಇನ್ನೊಂದು ತೊಂದರೆ ಕತ್ತಿಯದು. ಹೊಟ್ಟೆಯ ನಡುಗೆರೆಯಲ್ಲಿ ಕೊಯ್ಯುವಾಗ ಎರಡೂ ಕಡೆ ಊದಿದ ಮೊಲೆಗಳಿರುತ್ತವೆ, ರಕ್ತನಾಳಗಳು ಹಿಗ್ಗಿರುತ್ತವೆ, ಹಾಲು ಗಾಯಕ್ಕೆ ಸೋರಿ ಹೊಲಿಗೆ ಕೂಡಿಕೊಳ್ಳುವುದು ತಡವಾಗುತ್ತದೆ. ಬೀದಿನಾಯಿಗಳ ಎಬಿಸಿ (ಸಂತಾನ ನಿಯಂತ್ರಣ) ಕಾರ್ಯಕ್ರಮಗಳಲ್ಲಿ ಕೆಲವೆಡೆ ಹಾಲಿರುವ ನಾಯಿಗೂ ಪಕ್ಕೆಯ ಕಡೆಯಿಂದ ಕೊಯ್ದು ಮಾಡುತ್ತಾರಲ್ಲ ಅಂತ ನೀನು ಕೇಳಬಹುದು. ಹೌದು. ಆದರೆ ಅಲ್ಲಿ ಒಮ್ಮೆ ಹಿಡಿದ ನಾಯಿ ಮತ್ತೆ ಕೈಗೆ ಸಿಗುವುದಿಲ್ಲ. ಚಿನ್ನಿ ನಿನ್ನ ಮನೆಯಲ್ಲೇ ಇದ್ದಾಳೆ.

ಈಗ ದಿನ ಲೆಕ್ಕ ಹಾಕು. ಆಗಸ್ಟ್ 10ಕ್ಕೆ ರಕ್ತ ಕಂಡಿತು ಅಂದೆ. ಬೆದೆ ಸುಮಾರು ಮೂರು ವಾರ, ಅಂದರೆ ತಿಂಗಳ ಕೊನೆಗೆ ಮುಗಿದಿದೆ. ಪ್ರೊಜೆಸ್ಟರಾನ್ ಪೂರ್ತಿ ತಣ್ಣಗಾಗಲು ನವೆಂಬರ್ ಮೊದಲ ಭಾಗ ಬೇಕು. ಅಲ್ಲಿಂದ ಮುಂದಿನ ಬೆದೆಯ ತನಕ ಅಂಡಾಶಯ ಸುಮ್ಮನಿರುವ ಕಾಲ. ಬೆದೆ ಶುರುವಾದ ಮೂರರಿಂದ ನಾಲ್ಕು ತಿಂಗಳಿಗೆ ಮಾಡಿಸಿ ಅಂತ ಡಾಕ್ಟರುಗಳು ಹೇಳುವುದು ಇದಕ್ಕೇ. ಚಿನ್ನಿಗೆ ಆರು ತಿಂಗಳಿಗೊಮ್ಮೆ ಬರುವುದಾದರೆ ಮುಂದಿನ ಬೆದೆ ಫೆಬ್ರವರಿಗೆ. ಹಾಗಾಗಿ ಡಿಸೆಂಬರ್ ಮೊದಲೆರಡು ವಾರ ಸರಿ. ಆದರೆ ಕ್ಯಾಲೆಂಡರ್ ಒಂದನ್ನೇ ನಂಬಬೇಡ. ಹಾಲು ನಿಂತು, ಮೊಲೆಗಳು ಚಪ್ಪಟೆಯಾಗಿ, ಬಾತುಕೋಳಿಯ ಗೀಳು ಬಿಟ್ಟ ಮೇಲೂ ಎರಡು ಮೂರು ವಾರ ಕಳೆದಿರಬೇಕು.

ಮೊದಲು ಒಂದು ಖಾತ್ರಿ ಮಾಡಿಕೊ: ನಿಜವಾಗಿಯೂ ಸುಳ್ಳು ಬಸಿರೇ ತಾನೇ? ಬೆದೆಯಲ್ಲಿ ಗೇಟು ದಾಟಿದ್ದಳು ಅಂತ ಸಣ್ಣ ಅನುಮಾನ ಇದ್ದರೂ ಅಲ್ಟ್ರಾಸೌಂಡ್ ಮಾಡಿಸು. ಕೂಡಿ ನಾಲ್ಕು ವಾರವಾಗಿದ್ದರೆ ಅದರಲ್ಲಿ ಮರಿ ಕಾಣುತ್ತದೆ. ಇದನ್ನು ನೋಡದೆ ಹಾಲು ಬತ್ತಿಸುವ ಮಾತ್ರೆ ಕೊಡಬಾರದು, ಗಬ್ಬವಿದ್ದರೆ ಅದು ಇಳಿದುಹೋಗುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಸರಳ, ಆದರೆ ಜನ ತಪ್ಪುವುದೂ ಇಲ್ಲೇ. ಹಾಲು ಹಿಂಡಬೇಡ. ಬಂದಿದೆಯಾ ನೋಡೋಣ ಅಂತ ದಿನಾ ಒತ್ತಿದರೂ ಸಾಕು, ಇನ್ನಷ್ಟು ಬರುತ್ತದೆ. ಬಿಸಿ ಕಾವು, ಎಣ್ಣೆ ಉಜ್ಜುವುದು ಇವೂ ಅದನ್ನೇ ಮಾಡುತ್ತವೆ. ಅವಳೇ ನೆಕ್ಕಿಕೊಳ್ಳುತ್ತಿದ್ದರೆ ಕುತ್ತಿಗೆಗೆ ಕೋನ್ ಹಾಕು, ಇಲ್ಲವೇ ಹಳೆಯ ಟೀ ಶರ್ಟು ತೊಡಿಸು. ಬಾತುಕೋಳಿಯನ್ನು ಕಣ್ಣೆದುರಿಗೇ ಕಸಿಯಬೇಡ, ಕಚ್ಚಿಬಿಡುತ್ತಾಳೆ. ವಾಕಿಂಗ್‌ಗೆ ಹೊರಟಾಗ ಮನೆಯವರು ಎತ್ತಿಡಲಿ, ಹಾಗೆಯೇ ಗೂಡಿನ ಬಟ್ಟೆಯನ್ನೂ ತೆಗೆಯಲಿ. ನಡಿಗೆ ಜಾಸ್ತಿ ಮಾಡು. ಬಾಣಂತಿ ಅಂತ ಹಾಲು, ಮೊಟ್ಟೆ ಹೆಚ್ಚಿಗೆ ತಿನ್ನಿಸಬೇಡ. ನೀರು ಮಾತ್ರ ಕಡಿಮೆ ಮಾಡಲೇಬಾರದು.

ಎರಡು ವಾರದಲ್ಲಿ ಇಳಿಯದಿದ್ದರೆ, ಅಥವಾ ಗುರುಗುಟ್ಟುವುದು ಮಕ್ಕಳಿಗೆ ಅಪಾಯ ಅನ್ನಿಸಿದರೆ, ಡಾಕ್ಟರ ಹತ್ತಿರ ಕ್ಯಾಬರ್ಗೊಲಿನ್ ಬಗ್ಗೆ ಮಾತಾಡು. ಪ್ರೊಲ್ಯಾಕ್ಟಿನ್ ಅನ್ನು ನೇರವಾಗಿ ತಗ್ಗಿಸುವ ಔಷಧಿ ಅದು. ಪ್ರಮಾಣ ಕಿಲೋಗೆ 5 ಮೈಕ್ರೋಗ್ರಾಂ, ದಿನಕ್ಕೊಮ್ಮೆ, ಸಾಮಾನ್ಯವಾಗಿ ಐದರಿಂದ ಏಳು ದಿನ. ಚಿನ್ನಿಯ 12 ಕಿಲೋಗೆ 60 ಮೈಕ್ರೋಗ್ರಾಂ. ಮೆಡಿಕಲ್ ಶಾಪಿನಲ್ಲಿ ಸಿಗುವ ಮನುಷ್ಯರ ಮಾತ್ರೆ 0.25 ಅಥವಾ 0.5 ಮಿಲಿಗ್ರಾಂನದು. 0.25ರ ಕಾಲು ಭಾಗ ಅವಳಿಗೆ ಸಾಕು, ಇಡೀ ಮಾತ್ರೆ ನುಂಗಿಸಿದರೆ ನಾಲ್ಕು ಪಟ್ಟಾಗುತ್ತದೆ. ಚೀಟಿಯಲ್ಲಿ ಡಾಕ್ಟರು ಬರೆದ ಅಳತೆಯೇ ಕೊನೆಯದು. ಊಟವಾದ ಮೇಲೆ ಕೊಡು, ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಮಾಡುತ್ತಾಳೆ. ವಾಂತಿಯಾಯಿತು ಅಂತ ಮನೆಯಲ್ಲಿರುವ ಡಾಂಪೆರಿಡೋನ್ ಬೆರೆತ ಗ್ಯಾಸ್ ಮಾತ್ರೆಯನ್ನೋ ಮೆಟೊಕ್ಲೋಪ್ರಮೈಡ್ ಅನ್ನೋ ಕೊಟ್ಟೀಯೆ, ಜೋಕೆ! ಅವೆರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ಕೊಟ್ಟ ಔಷಧಿ ನೀರಿನಲ್ಲಿ ಹೋಮ. ಕೋರ್ಸ್ ಮುಗಿದ ಮೇಲೆ ಲಕ್ಷಣ ಮರುಕಳಿಸುತ್ತದೆಯೇ ನೋಡಿಕೊಂಡೇ ಆಪರೇಷನ್ ದಿನ ಗೊತ್ತು ಮಾಡು. ತೀರಾ ಮುಂದೂಡಲೂಬೇಡ. ಕ್ಯಾಬರ್ಗೊಲಿನ್ ಕೊಟ್ಟ ನಾಯಿಗೆ ಮುಂದಿನ ಬೆದೆ ಬೇಗ ಬರಬಹುದು.

ಬೆದೆ ತಡೆಯುವ ಇಂಜೆಕ್ಷನ್ ಹಾಕಿಸು ಅಂತ ಯಾರಾದರೂ ಅಂದರೆ ಒಪ್ಪಬೇಡ. ಅದು ಪ್ರೊಜೆಸ್ಟರಾನ್ ಜಾತಿಯದೇ. ಸದ್ಯಕ್ಕೆ ತಗ್ಗಿಸಿ, ಪ್ರಭಾವ ಇಳಿದಾಗ ಸುಳ್ಳು ಬಸಿರನ್ನು ಮತ್ತೆ ತರುತ್ತದೆ, ಗರ್ಭಕೋಶದ ಕೀವಿಗೂ ದಾರಿಯಾಗುತ್ತದೆ. ಒಂದು ಸಲ ಮರಿ ಹಾಕಿಸಿದರೆ ಸರಿಹೋಗುತ್ತದೆ ಅನ್ನುವುದೂ ನಿಜವಲ್ಲ.

ತಡ ಮಾಡಿದರೆ ಮೊಲೆ ಕ್ಯಾನ್ಸರ್ ಬರುತ್ತದೆ ಅನ್ನುವ ಭಯ ನಿನ್ನದು. ಸ್ಪೇ ಆಗದ ನಾಯಿಗಿರುವ ಅಪಾಯಕ್ಕೆ ಹೋಲಿಸಿದರೆ, ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಶೇಕಡಾ 0.5, ಮೊದಲನೆಯದಾದ ಮೇಲೆ 8, ಎರಡನೆಯದಾದ ಮೇಲೆ ಶೇಕಡಾ 26 ಎಂಬ ಲೆಕ್ಕ 1969ರ ಅಮೆರಿಕದ ಅಧ್ಯಯನದ್ದು. 2012ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ಪರಿಶೀಲಿಸಿದಾಗ ಸಾಕ್ಷ್ಯ ದುರ್ಬಲ ಅಂತ ಕಂಡಿತು. ಏನೇ ಆಗಲಿ, ಆ ಲೆಕ್ಕವಿರುವುದು ಬೆದೆಗಳಲ್ಲಿ. ಮುಂದಿನ ಬೆದೆಗೆ ಮುಂಚೆ ಮುಗಿಸಿದರೆ ಈ ಎರಡು ತಿಂಗಳಿಂದ ನಷ್ಟವಿಲ್ಲ.

ಕಾಯಲೇಬಾರದ ಸ್ಥಿತಿ ಒಂದಿದೆ, ಅದು ಪಯೋಮೆಟ್ರಾ, ಗರ್ಭಕೋಶದಲ್ಲಿ ಕೀವು ತುಂಬುವುದು. ಬರುವ ಕಾಲವೂ ಹೆಚ್ಚುಕಡಿಮೆ ಇದೇ, ಬೆದೆಯ ನಂತರದ ಒಂದೆರಡು ತಿಂಗಳು. ವಿಪರೀತ ನೀರು ಕುಡಿಯುವುದು, ಊಟ ಬಿಡುವುದು, ವಾಂತಿ, ಸುಸ್ತು, ಹಿಂದಿನಿಂದ ಕೆಟ್ಟ ವಾಸನೆಯ ಸ್ರಾವ. ಬಾಯಿ ಮುಚ್ಚಿಕೊಂಡ ಗರ್ಭಕೋಶವಾದರೆ ಸ್ರಾವವೇ ಕಾಣದೆ ಹೊಟ್ಟೆ ಮಾತ್ರ ಉಬ್ಬುತ್ತದೆ. ಆಗ ಹಾಲಿರಲಿ ಬಿಡಲಿ, ಅವತ್ತೇ ಆಪರೇಷನ್. ಮೊಲೆ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಮುಟ್ಟಿದರೆ ಕುಯ್ ಅಂದರೆ ಅದು ಮೊಲೆ ಬಾವು. ಅದಕ್ಕೂ ಅದೇ ದಿನ ಡಾಕ್ಟರ ಹತ್ತಿರ ಹೋಗು.

ಡಿಸೆಂಬರಿನಲ್ಲಿ ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಬಿಡಬೇಡ, ಮುಖ್ಯವಾಗಿ ಪ್ಲೇಟ್‌ಲೆಟ್. ನಮ್ಮ ಕಡೆ ಉಣುಗು ಕಚ್ಚಿ ಬರುವ ಟಿಕ್ ಫೀವರ್ ಮೇಲ್ನೋಟಕ್ಕೆ ಆರೋಗ್ಯವಾಗಿರುವ ನಾಯಿಯಲ್ಲೂ ಅಡಗಿ ಕೂತಿರುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಮೇಜಿನ ಮೇಲೆ ರಕ್ತ ನಿಲ್ಲುವುದಿಲ್ಲ. ಮೊದಲು ಅದಕ್ಕೆ ಚಿಕಿತ್ಸೆ ಆಗಲಿ. ಹೊಲಿಗೆ ಬಿಚ್ಚುವ ತನಕ, ಹತ್ತರಿಂದ ಹದಿನಾಲ್ಕು ದಿನ, ಮೆಟ್ಟಿಲು, ಸೋಫಾ ಜಿಗಿತ ಬೇಡ. ಆಮೇಲೆ ಊಟ ನಾಲ್ಕನೇ ಒಂದು ಭಾಗದಷ್ಟು ಇಳಿಸು, ಸ್ಪೇ ಆದ ನಾಯಿ ಬೇಗ ದಪ್ಪಗಾಗುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಆ ದಿನಗಳಲ್ಲಿ ಹಾಲು ಕಂಡರೆ ಗಾಬರಿಯಾಗದೆ ಡಾಕ್ಟರಿಗೆ ಹೇಳು, ಕ್ಯಾಬರ್ಗೊಲಿನ್ ಆಗಲೂ ಕೆಲಸ ಮಾಡುತ್ತದೆ, ಕೆಲವಕ್ಕೆ ಹೆಚ್ಚು ದಿನ ಬೇಕಾಗುತ್ತದೆ ಅಷ್ಟೇ.

ಇವತ್ತೇ ಒಂದು ಚೀಟಿಯಲ್ಲಿ ರಕ್ತ ಕಂಡ ದಿನ, ಹಾಲು ಕಂಡ ದಿನ, ಹಿಂದಿನ ಬೆದೆಗಳ ತಾರೀಖು, ಅವಳ ತೂಕ ಬರೆದಿಡು. ಆಪರೇಷನ್ ದಿನ ಗೊತ್ತು ಮಾಡಲು ಹೋದಾಗ ಡಾಕ್ಟರು ಮೊದಲು ಕೇಳುವುದು ಅದನ್ನೇ.

ನಿನ್ನ ಪ್ರೀತಿಯ,
ರವಿ